ಒರಿಜಿನಲ್ ಅಂದ್ರೆ ಯಾವ್ದು ಸ್ವಾಮಿ?

ಹಳೇ ಕಾರುಗಳ ಮೆರವಣಿಗೆಗೆ ಬಂದ ಜನ ಏನೇನು ನೋಡ್ತಾರೆ ಅಂತ ಒಮ್ಮೆ ಗಮನಿಸಿ. ಬಣ್ಣ ನೋಡ್ತಾರೆ, ಕ್ರೋಮ್ ಬಂಪರಿನಲ್ಲಿ ಮುಖ ನೋಡ್ಕೋತಾರೆ, ಸೀಟಿನ ಹೊಲಿಗೆ ಮುಟ್ಟಿ ನೋಡ್ತಾರೆ. ಬಾನೆಟ್ ಎತ್ತಿದ್ದರೆ ಇಂಜಿನ್ನಿಗೂ ಒಂದು ಫೋಟೊ. ಪಕ್ಕದಲ್ಲಿ ನಿಂತ ಮಾಲೀಕರ ಬಾಯಲ್ಲಿ ಒಂದೇ ಮಾತು: "ಎಲ್ಲಾ ಒರಿಜಿನಲ್ಲೇ ಸಾರ್." ಮಂಡಿಯೂರಿ ಮುಂದಿನ ಚಕ್ರದ ಹಿಂದಕ್ಕೆ ಟಾರ್ಚ್ ಬಿಟ್ಟು ನೋಡುವವರು ಅಪರೂಪ. ನೋಡಿದರೆ ಅಲ್ಲಿ ಆಗಾಗ ಸಿಗುವುದು ಬೇರೆಯೇ ಲೋಕ. ಲಾರಿ ಟಯರಿನಿಂದ ಕತ್ತರಿಸಿದ ರಬ್ಬರ್ ತುಂಡು, ಲೇತಿನಲ್ಲಿ ಮಾಡಿಸಿದ ಬಿಳೀ ನೈಲಾನ್ ಬುಷ್, ಯಾವುದೋ ಕಾರಿನ ಶಾಕ್ ಅಬ್ಸಾರ್ಬರ್, ಎತ್ತರ ಬರಲಿ ಅಂತ ಸ್ಪ್ರಿಂಗಿಗೆ ತುರುಕಿದ ವಾಷರ್ರು.

ನನ್ನ ತಕರಾರು ಈ ಜುಗಾಡಿನ ಮೇಲಲ್ಲ. ಜುಗಾಡ್ ಇಲ್ಲದಿದ್ದರೆ ನಮ್ಮಲ್ಲಿ ಅರ್ಧ ಹಳೇ ಕಾರುಗಳು ಎಂದೋ ಗುಜರಿ ಸೇರ್ತಿದ್ವು. ತಕರಾರು ಇರೋದು "ಸಿಕ್ತು" ಅನ್ನೋ ಪದದ ಮೇಲೆ. ಹಳೇ ಕಾರಿನ ಪ್ರೇಮಿಗಳು ಬಿಡಿಭಾಗ ಹುಡುಕುವುದನ್ನ ನಿಧಿ ಹುಡುಕಿದ ಹಾಗೆ ಹೇಳ್ತಾರೆ. ಸಿಕ್ತು ಅಂದ ಕೂಡಲೇ ಕಥೆ ಮುಗೀತು. ಡೋರ್ ಹ್ಯಾಂಡಲ್ಲಿಗೆ, ಮೀಟರ್ ಡಯಲ್ಲಿಗೆ ಅದು ಸರಿ. ಗಾಡಿಯ ಭಾರ ಹೊತ್ತು ಚಕ್ರವನ್ನ ರಸ್ತೆಗೆ ಅಂಟಿಸಿಡೋ ಸಸ್ಪೆನ್ಷನ್ನಿಗೆ ಸಿಗೋದು ಮೊದಲ ಹೆಜ್ಜೆ ಅಷ್ಟೇ. ಸಿಕ್ಕಿದ್ದರ ಅಳತೆ ಏನು, ಇರಬೇಕಾದ ಅಳತೆ ಏನು ಅನ್ನೋದು ಗೊತ್ತಿಲ್ಲದಿದ್ದರೆ ಸಿಕ್ಕಿಯೂ ಸಿಗದ ಹಾಗೆ.

ಫಿಯಟ್ 1100, ಅಂದ್ರೆ ಆಮೇಲೆ ಪ್ರೀಮಿಯರ್ ಪದ್ಮಿನಿ ಆಯ್ತಲ್ಲ, ಅದನ್ನೇ ತಗೊಳ್ಳಿ. ಮುಂದೆ ಕಾಯಿಲ್ ಸ್ಪ್ರಿಂಗು, ಎರಡೆರಡು ಆರ್ಮು. ಹಿಂದೆ ಉಕ್ಕಿನ ಪಟ್ಟಿಗಳನ್ನ ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗು. ಮುಂಬೈನ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಈ ಗಾಡಿ ಮಾಡೋದು ನಿಲ್ಲಿಸಿ ಎರಡು ದಶಕ ದಾಟಿದೆ. ಆದರೂ ಇಷ್ಟು ದಿನ ಬಿಡಿಭಾಗಕ್ಕೆ ಬರ ಬರಲಿಲ್ಲ ಯಾಕೆ? ಮುಂಬೈನ ಕಪ್ಪು ಹಳದಿ ಟ್ಯಾಕ್ಸಿಗಳು. ದಿನವಿಡೀ ಗುಂಡಿ ಹಾರುವ ಸಾವಿರಾರು ಟ್ಯಾಕ್ಸಿ ಇದ್ದಾಗ ಬುಷ್ ಮಾಡುವವನಿಗೆ ಗಿರಾಕಿ ಇರ್ತಾನೆ, ಮಾರುವವನಿಗೆ ಲಾಭ ಇರುತ್ತೆ. ಬೆಂಗಳೂರಿನ ಫಿಯಟ್ ಮಾಲೀಕ ಅದರ ನೆರಳಲ್ಲಿ ಬದುಕಿದ. ಅಲ್ಲಿ 20 ವರ್ಷದ ಮಿತಿ ಮುಗಿದು, 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳೀತು. ಪತ್ರಿಕೆಗಳಲ್ಲಿ ಕಣ್ಣೀರಿನ ಬರಹಗಳು ಬಂದ್ವು, ಚೆನ್ನಾಗೇ ಇದ್ವು. ಟ್ಯಾಕ್ಸಿ ಹೋದರೆ ಬುಷ್ ಮಾಡುವವನೂ ಹೋಗ್ತಾನೆ ಅನ್ನೋದನ್ನ ಮಾತ್ರ ನಾನು ಓದಿದ ಯಾವುದರಲ್ಲೂ ಕಾಣಲಿಲ್ಲ.

ಈಗ ಜೆ.ಸಿ. ರಸ್ತೆಗೋ ಕಲಾಸಿಪಾಳ್ಯಕ್ಕೋ ಹೋಗಿ "ಭಾಯ್, ಫಿಯಟ್ ಲೋವರ್ ಆರ್ಮ್ ಬುಷ್ ಇದ್ಯಾ?" ಅಂತ ಕೇಳಿ. ಅದೃಷ್ಟ ಚೆನ್ನಾಗಿದ್ರೆ ಅಟ್ಟದ ಮೇಲಿಂದ ಧೂಳು ಹಿಡಿದ ಡಬ್ಬ ಇಳಿಯುತ್ತೆ. "ಕಂಪನಿ ಮಾಲು ಸಾರ್, ಹಳೇ ಸ್ಟಾಕು, ಈಗ ಎಲ್ಲೂ ಸಿಗಲ್ಲ." ಡಬ್ಬದ ಮೇಲೆ ಹಳೇ ಮುದ್ರೆ, ಒಳಗೆ ಮೈಮೇಲೆ ಗೀರಿಲ್ಲದ ಬುಷ್. ಇದಕ್ಕಿಂತ ಒರಿಜಿನಲ್ ಬೇಕಾ?

ಬೇಡ ಅಂತೀನಿ ನಾನು. ರಬ್ಬರ್ ಕಬ್ಬಿಣದ ಹಾಗಲ್ಲ. ಡಬ್ಬದಲ್ಲಿ ಮಲಗಿದ್ದರೂ ಅದಕ್ಕೆ ವಯಸ್ಸಾಗುತ್ತೆ. ಗಾಳಿಯ ಆಮ್ಲಜನಕ, ಓಝೋನು, ಅಟ್ಟದ ಸೆಕೆ ಎಲ್ಲ ಸೇರಿ ಅದನ್ನ ಗಟ್ಟಿ ಮಾಡುತ್ತೆ. ಬಗ್ಗಿಸಿದರೆ ಸಣ್ಣ ಸಣ್ಣ ಬಿರುಕು ಕಾಣುತ್ತೆ. ಮೂವತ್ತು ವರ್ಷ ಅಟ್ಟದಲ್ಲಿದ್ದ ಒರಿಜಿನಲ್ ಬುಷ್‌ಗಿಂತ ಹೋದ ತಿಂಗಳು ಸರಿಯಾದ ಅಳತೆಗೆ, ಸರಿಯಾದ ಗಡಸುತನಕ್ಕೆ ಅಚ್ಚು ಹಾಕಿದ ಬೇನಾಮಿ ಬುಷ್ ಎಷ್ಟೋ ವಾಸಿ. ಹಳೇ ಸ್ಟಾಕಿನ ಲೋಹದ ಸಾಮಾನು, ತುಕ್ಕಿಲ್ಲದಿದ್ರೆ, ಕಣ್ಣುಮುಚ್ಚಿ ತಗೊಳ್ಳಿ. ಹಳೇ ಸ್ಟಾಕಿನ ರಬ್ಬರನ್ನ ಉಗುರು ಒತ್ತಿ ನೋಡದೆ ತಗೋಬೇಡಿ.

ನೈಲಾನ್ ಬುಷ್ ವಿಷಯ ಬೇರೆ. ಸವೆಯಲ್ಲ, ಅಗ್ಗ, ಸಂಜೆಯೊಳಗೆ ಲೇತಿನವನು ಕೈಗಿಡ್ತಾನೆ. ಆದರೆ ರಬ್ಬರ್ ಬುಷ್‌ನ ಕೆಲಸ ತೂತು ತುಂಬೋದಷ್ಟೇ ಅಲ್ಲ. ಆರ್ಮ್ ಮೇಲೆ ಕೆಳಗೆ ಹೋಗುವಾಗ ಅದು ತಿರುಚಿಕೊಳ್ಳಬೇಕು, ರಸ್ತೆಯ ಸಣ್ಣ ನಡುಕ ನುಂಗಬೇಕು. ನೈಲಾನ್ ನುಂಗೋದಿಲ್ಲ, ದಾಟಿಸಿಬಿಡುತ್ತೆ. ಎಲ್ಲಿಗೆ? ಬುಷ್ ಕೂತ ಬ್ರಾಕೆಟ್ಟಿಗೆ, ಅಲ್ಲಿಂದ ಐವತ್ತು ವರ್ಷದ ತಗಡಿಗೆ. ಬುಷ್ ಬಾಳಿಕೆ ಬಂತು ಅಂತ ಖುಷಿಪಡುವಷ್ಟರಲ್ಲಿ ಬ್ರಾಕೆಟ್ಟಿನ ವೆಲ್ಡಿಂಗ್ ಬಾಯಿಬಿಡಬಹುದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಒಳ್ಳೇ ಬುಷ್‌ಗಳೂ ಹಾಳಾಗೋದು ಇದರಿಂದಲೇ. ಲೋಹಕ್ಕೆ ಅಂಟಿಸಿದ ರಬ್ಬರ್ ಬುಷ್‌ನ ಬೋಲ್ಟನ್ನ ಗಾಡಿ ಜಾಕಿನ ಮೇಲಿರುವಾಗ ಪೂರ್ತಿ ಬಿಗಿಯಬಾರದು. ಆಗ ಚಕ್ರ ಜೋತುಬಿದ್ದಿರುತ್ತೆ. ಬಿಗಿದು ಕೆಳಗಿಳಿಸಿದರೆ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತೆ. ಚಕ್ರ ನೆಲಕ್ಕೂರಿ ಗಾಡಿಯ ಭಾರ ಬಿದ್ದ ಮೇಲೇ ಕೊನೇ ಬಿಗಿತ. ಬಹಳ ಕಡೆ ಹೀಗೆ ಮಾಡಲ್ಲ, ಯಾಕಂದ್ರೆ ಆಗ ಗಾಡಿ ಕೆಳಗೆ ತೂರೋದು ಕಷ್ಟ. ಮೂರು ತಿಂಗಳಿಗೆ ಕಟಕಟ ಶುರುವಾದಾಗ ಬೈಗುಳ ತಿನ್ನೋದು ಮಾತ್ರ ಬುಷ್ ಮಾರಿದವನು.

ಸ್ಪ್ರಿಂಗಿಗೆ ಬರೋಣ. "ಅದೇ ಥರ ಇದೆ ಸಾರ್, ಕೂರುತ್ತೆ" ಅಂತ ಕೊಡೋ ಸ್ಪ್ರಿಂಗು ಕೂತೇ ಕೂರುತ್ತೆ, ಅನುಮಾನ ಬೇಡ. ಕಾಯಿಲ್ ಸ್ಪ್ರಿಂಗಿನ ಬಿಗಿತ ನಿಂತಿರೋದು ತಂತಿಯ ದಪ್ಪ, ಸುರುಳಿಯ ಅಗಲ, ಕೆಲಸ ಮಾಡುವ ಸುತ್ತುಗಳ ಸಂಖ್ಯೆ, ಈ ಮೂರರ ಮೇಲೆ. ಇದರಲ್ಲಿ ದಪ್ಪದ್ದೇ ದೊಡ್ಡ ಪಾತ್ರ, ಬಿಗಿತ ಅದರ ನಾಲ್ಕನೇ ಘಾತದಲ್ಲಿ ಏರುತ್ತೆ. 12 ಮಿಲಿಮೀಟರ್ ತಂತಿಯ ಜಾಗಕ್ಕೆ 13ರದ್ದು ಬಂತು ಅಂದ್ಕೊಳ್ಳಿ (ಲೆಕ್ಕಕ್ಕೆ ಹೇಳಿದ್ದು, ಪದ್ಮಿನಿಯ ಅಳತೆ ಅಂತಲ್ಲ). ಕಣ್ಣಿಗೆ ಗೊತ್ತೂ ಆಗದ ಒಂದೇ ಮಿಲಿಮೀಟರು. ಬಿಗಿತ ಮಾತ್ರ ಸುಮಾರು 38 ಶೇಕಡಾ ಜಾಸ್ತಿ. ಹಳೇ ಸ್ಪ್ರಿಂಗಿಗೆ ಜೊತೆಯಾಗಿದ್ದ ಶಾಕ್ ಅಬ್ಸಾರ್ಬರ್ ಇದನ್ನ ಹಿಡಿಯಲಾರದು, ಗಾಡಿ ಕುಪ್ಪಳಿಸುತ್ತೆ. ಒಂದೇ ಕಡೆಗೆ ಮಾತ್ರ ಹಾಕಿದ್ರಂತೂ ತಿರುವಿನಲ್ಲಿ ಎಡಕ್ಕೊಂದು ಸ್ವಭಾವ, ಬಲಕ್ಕೊಂದು. ಇನ್ನು ಗ್ಯಾಸ್ ಹಚ್ಚಿ ಸ್ಪ್ರಿಂಗ್ ಕಾಯಿಸಿ ಎತ್ತರ ಸರಿಮಾಡುವವರ ಬಗ್ಗೆ ಏನೂ ಹೇಳಲ್ಲ. ಉಕ್ಕಿಗೆ ಕೊಟ್ಟಿದ್ದ ಹದವೇ ಹೋದ ಮೇಲೆ ಅದು ಸ್ಪ್ರಿಂಗಲ್ಲ, ಬಗ್ಗಿದ ಸರಳು.

ಬೇರೆ ಕಾರಿನ ಶಾಕ್ ಅಬ್ಸಾರ್ಬರ್ ಹಾಕೋದು ತಪ್ಪೇನಲ್ಲ. ಆದರೆ ಕಣ್ಣು ಕೂತ್ರೆ ಸಾಲದು. ಪೂರ್ತಿ ಎಳೆದಾಗಿನ ಉದ್ದ, ಪೂರ್ತಿ ಅದುಮಿದಾಗಿನ ಉದ್ದ ಎರಡನ್ನೂ ಹಳೇದರ ಪಕ್ಕ ಇಟ್ಟು ನೋಡಬೇಕು. ಅದುಮಿದ ಉದ್ದ ಜಾಸ್ತಿಯಾದರೆ ದೊಡ್ಡ ಗುಂಡಿಯಲ್ಲಿ ಬಂಪ್ ಸ್ಟಾಪಿನ ರಬ್ಬರಿಗೆ ಬೀಳಬೇಕಾದ ಏಟು ಶಾಕ್ ಅಬ್ಸಾರ್ಬರಿನ ಹೊಟ್ಟೆಗೆ ಬೀಳುತ್ತೆ.

ಅಂಬಾಸಡರ್ ಕಥೆ ಸ್ವಲ್ಪ ವಾಸಿ. ಉತ್ತರಪಾರಾದ ಕಾರ್ಖಾನೆ 2014ರವರೆಗೂ ನಡೀತಿತ್ತು, ಮಾಲು ಇನ್ನೂ ಓಡಾಡ್ತಿದೆ. ಹಿಂದಿನ ಲೀಫ್ ಸ್ಪ್ರಿಂಗು ದೊಡ್ಡ ತಲೆನೋವಲ್ಲ, ಲಾರಿಗಳಿಗೆ ಪಟ್ಟಿ ಬಡಿದು ಕಮಾನು ಕೂರಿಸುವವರು ಯಾವ ಹೆದ್ದಾರಿ ಪಕ್ಕದಲ್ಲೂ ಸಿಗ್ತಾರೆ. ಮುಂದಿರೋದು ಟಾರ್ಷನ್ ಬಾರ್, ಭಾರಕ್ಕೆ ತಿರುಚಿಕೊಳ್ಳುವ ಉದ್ದನೆಯ ಉಕ್ಕಿನ ಸರಳು. ಓಡಿದ ಗಾಡಿಯಿಂದ ಬಿಚ್ಚಿದ್ದಾದರೆ ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ. ವರ್ಷಗಟ್ಟಲೆ ಒಂದೇ ದಿಕ್ಕಿಗೆ ತಿರುಚಿ ಅಭ್ಯಾಸವಾದದ್ದನ್ನ ತಿರುಗುಮುರುಗು ಹಾಕಿದರೆ ಮುರಿಯುವ ಭಯ. ಮೈಮೇಲೆ ಉಳಿಯ ಗಾಯ ಇದ್ದರೂ ಅಷ್ಟೇ, ಬಿರುಕು ಹುಟ್ಟೋದು ಅಲ್ಲಿಂದಲೇ. ಗುಜರಿಯ ರಾಶಿಯಿಂದ ಎಳೆದ ಸರಳು ಯಾವ ಕಡೆಯದ್ದು ಅಂತ ಹೇಳೋರು ಯಾರು?

ಸರ್ಕಾರದ ನಿಯಮಕ್ಕೂ ಈ ಜಾಗ ಕಂಡಂತಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳ ನಿಯಮ ತಂತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿಸ್, ಬಾಡಿ, ಇಂಜಿನ್ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ. ಒರಿಜಿನಲ್ ಅಂದರೆ ಏನು ಅಂತ ಸರ್ಕಾರ ಬರೆದ ವ್ಯಾಖ್ಯಾನದಲ್ಲೂ ಸಸ್ಪೆನ್ಷನ್ನಿನ ಹೆಸರಿಲ್ಲ! ಬೇಕಾದ್ದು ಹಾಕ್ಕೋಬಹುದು ಅಂತ ಇದನ್ನ ಸ್ವಾತಂತ್ರ್ಯ ಅಂದವರನ್ನ ಕೇಳಿದ್ದೀನಿ. ಇರಬಹುದು. ಆದರೆ ಆ ಗಾಡಿ ಘಾಟಿ ಇಳಿಯುವಾಗ ಹಿಂದಿನ ಸೀಟಿನಲ್ಲಿ ಮನೆಯವರಿರ್ತಾರೆ, ಎದುರಿಗೆ ಬೈಕಿನಲ್ಲಿ ಇನ್ಯಾರೋ ಬರ್ತಿರ್ತಾರೆ.

ಬ್ರಿಟನ್ನಿನ ಮಾರಿಸ್ ಮೈನರ್ ಕೂಡ ಟಾರ್ಷನ್ ಬಾರ್ ಗಾಡಿಯೇ, 16 ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು. ಅದರ ಮುಂದಿನ ಚಕ್ರ ತಿರುಗೋದು ಟ್ರನಿಯನ್ ಅನ್ನೋ ಥ್ರೆಡ್ ಇರುವ ಭಾಗದ ಮೇಲೆ. ಗ್ರೀಸ್ ತಪ್ಪಿಸಿದರೆ ಥ್ರೆಡ್ ಸವೆದು ಒಂದು ದಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತೆ. ಅಲ್ಲಿ ಈ ಭಾಗವನ್ನ ಇವತ್ತಿಗೂ ಹೊಸದಾಗಿ ಮಾಡಿ ಮಾರ್ತಾರೆ, ಪಾರ್ಟ್ ನಂಬರ್ ಹೇಳಿದರೆ ಮನೆಗೆ ಬರುತ್ತೆ. ಅಲ್ಲೇನು ಸ್ವರ್ಗ ಇಲ್ಲ, ಹೊಸ ಬುಷ್ ವರ್ಷದೊಳಗೆ ಹರಿದುಹೋಯ್ತು ಅನ್ನೋ ಗೋಳು ಅಲ್ಲೂ ಧಾರಾಳ. ಆದರೆ ಹಾಗೆ ಗೋಳಾಡುವವರ ಕೈಯಲ್ಲಿ ಅಳತೆ ಇರುತ್ತೆ, ತಪ್ಪು ಎಲ್ಲಿ ಅಂತ ಬೆರಳಿಟ್ಟು ತೋರಿಸ್ತಾರೆ.

ನಮ್ಮಲ್ಲಿ ಆ ಅಳತೆ ಇರೋದು ವಯಸ್ಸಾದ ಮೇಸ್ತ್ರಿಗಳ ಕೈಯಲ್ಲಿ. ಮುಟ್ಟಿದ ಕೂಡಲೇ "ಇದು ಡಿಲೈಟ್‌ದು, ಪದ್ಮಿನಿಗಲ್ಲ" ಅನ್ನುವವರು ಇನ್ನೂ ಇದ್ದಾರೆ. ಅವರು ಬರೆದಿಡಲಿಲ್ಲ, ನಾವು ಕೇಳಿ ಬರ್ಕೊಳ್ಳಲೂ ಇಲ್ಲ. ಹಳೇ ಕಾರಿನ ಗುಂಪುಗಳಲ್ಲಿ ಸಾವಿರಾರು ಫೋಟೊ ಇವೆ, ವರ್ನಿಯರ್ ಹಿಡಿದು ಅಳೆದ ಒಂದು ಪುಟ ಹುಡುಕಿ ನೋಡಿ. ಹೊಸದು ಬಂದ ದಿನವೇ ಹಳೇ ಬುಷ್ ಕಸದ ಬುಟ್ಟಿಗೆ ಹೋಗುತ್ತೆ. ಹೊರ ವ್ಯಾಸ, ಒಳ ವ್ಯಾಸ, ತೋಳಿನ ಉದ್ದ ಬರ್ಕೊಳ್ಳೋಕೆ ಐದು ನಿಮಿಷ ಸಾಕಿತ್ತು. ಪೀಣ್ಯದಲ್ಲಿ ರಬ್ಬರ್ ಅಚ್ಚು ಹಾಕಿಕೊಡುವ ಸಣ್ಣ ಕಾರ್ಖಾನೆಗಳಿವೆ, ಕೆಲಸವೂ ಚೆನ್ನಾಗಿದೆ. ಹೋದವರನ್ನ ಅವರು ಕೇಳೋದು ಎರಡೇ: ಡ್ರಾಯಿಂಗ್ ಇದ್ಯಾ ಸಾರ್, ಎಷ್ಟು ಪೀಸು ಬೇಕು? ಐವತ್ತು ಮಂದಿ ಸೇರಿದ್ರೆ ಅಚ್ಚಿನ ಖರ್ಚು ಯಾರಿಗೂ ಭಾರ ಆಗಲ್ಲ. ಆದರೆ ಅವರ ಮುಂದೆ ನಾವು ಒಬ್ಬೊಬ್ಬರೇ ಹೋಗಿ ನಿಲ್ತೀವಿ, ಕೈಯಲ್ಲಿ ಒಂದು ಸವೆದ ಬುಷ್ ಹಿಡ್ಕೊಂಡು.