ನಕಾಶೆಯ ಬಿಳಿ ಗೆರೆಗಳು

ಫ್ರಾನ್ಸಿನಲ್ಲಿ ಸೈಕಲ್ ಎಂದೊಡನೆ ಟೂರ್ ಡಿ ಫ್ರಾನ್ಸ್ ಕಣ್ಣಮುಂದೆ ಬರುತ್ತದೆ: ಆಲ್ಪ್ಸ್ ಪರ್ವತದ ತಿರುವುಗಳು, ರಸ್ತೆಯ ಇಕ್ಕೆಲದಲ್ಲೂ ಕೂಗುವ ಜನ. ಅದು ಬಿಟ್ಟರೆ ಲುವಾರ್ ನದಿಯ ಗುಂಟ ಸುಮಾರು 900 ಕಿ.ಮೀ. ಉದ್ದಕ್ಕೆ ಫಲಕ ನೆಟ್ಟು ಸಿದ್ಧಪಡಿಸಿದ ಸೈಕಲ್ ಹಾದಿ. ಎರಡಕ್ಕೂ ಅವುಗಳದೇ ಸೊಗಸಿದೆ. ಆದರೆ ತೆಳು ಟೈರಿನ ಸೈಕಲ್ ಹತ್ತಿ, ಒಳ್ಳೆಯ ಟಾರು ರಸ್ತೆಯ ಮೇಲೆ, ವಾಹನಗಳ ಕಾಟವಿಲ್ಲದೆ ದಿನವಿಡೀ ತುಳಿಯಬೇಕೆನ್ನುವವರಿಗೆ ಆ ದೇಶ ಕಾದಿರಿಸಿರುವ ಸಂಪತ್ತು ಬೇರೆಯೇ. ಮಿಶೆಲಿನ್ ಕಂಪನಿಯ ನಕಾಶೆಯಲ್ಲಿ ಅದು ಬಿಳಿ ಬಣ್ಣದಲ್ಲಿದೆ.

ಆ ನಕಾಶೆಯಲ್ಲಿ ಕೆಂಪು ಗೆರೆ ಎಂದರೆ ಲಾರಿಗಳು ಓಡುವ ಮುಖ್ಯರಸ್ತೆ, ಹಳದಿ ಎಂದರೆ ಪಟ್ಟಣಗಳನ್ನು ಜೋಡಿಸುವ ರಸ್ತೆ. ಬಣ್ಣ ತುಂಬದೆ ಬಿಟ್ಟ ಸಣ್ಣ ಗೆರೆಗಳು ಹಳ್ಳಿಯಿಂದ ಹಳ್ಳಿಗೆ, ಹೊಲಮನೆಯಿಂದ ಚರ್ಚಿಗೆ ಹೋಗುವ ದಾರಿಗಳು. ಪಕ್ಕದಲ್ಲಿ ಹಸಿರು ಅಂಚಿದ್ದರೆ ನೋಟ ಚೆನ್ನಾಗಿದೆ ಎಂದರ್ಥ. ಬಾಣದ ಮೊನೆಯಂಥ ಗುರುತು ಒಂದಿದ್ದರೆ ಏರು ಶೇ 5ರಿಂದ 9, ಎರಡಿದ್ದರೆ 9ರಿಂದ 13, ಮೂರಿದ್ದರೆ ಅದಕ್ಕೂ ಕಡಿದು. ಮೊಬೈಲ್ ಆ್ಯಪ್‌ಗಳು ಎಷ್ಟೇ ಬಂದಿರಲಿ, ದಾರಿ ಆಯುವ ಕೆಲಸಕ್ಕೆ ಮೇಜಿನ ಮೇಲೆ ಹರಡಿದ ಈ ಹಾಳೆಗೆ ಸಾಟಿಯಿಲ್ಲ. ಆ್ಯಪ್ ಹತ್ತಿರದ ದಾರಿ ಹುಡುಕಿ ಕೊಡುತ್ತದೆ. ಇಲ್ಲಿ ಬೇಕಾದದ್ದು ಸುತ್ತುದಾರಿ.

ಇಷ್ಟೊಂದು ದಾರಿ ಎಲ್ಲಿಂದ ಬಂತು? 1836ರ ಮೇ 21ರ ಒಂದು ಕಾಯ್ದೆ ಹಳ್ಳಿಯ ರಸ್ತೆಗಳನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು ಆಯಾ ಊರಾಡಳಿತಕ್ಕೇ ವಹಿಸಿತು. ಅಂಥ ಊರಾಡಳಿತಗಳು ಇಂದಿಗೂ ಸುಮಾರು 35,000 ಇವೆ. ದೇಶದ ಸರಿಸುಮಾರು 11 ಲಕ್ಷ ಕಿ.ಮೀ. ರಸ್ತೆಯಲ್ಲಿ 7 ಲಕ್ಷ ಕಿ.ಮೀ.ನಷ್ಟು ಅವುಗಳ ಪಾಲಿನದು. ಮುಂದೆ ಜನ ಕೆಲಸ ಅರಸಿ ನಗರ ಸೇರಿದರು, ದೂರದ ಸಂಚಾರ ಎಕ್ಸ್‌ಪ್ರೆಸ್‌ವೇಗಳಿಗೆ ಹೊರಳಿತು. ಎತ್ತಿನ ಗಾಡಿಯ ಕಾಲಕ್ಕೆ ಹಾಕಿದ ದಾರಿಗಳು ಮಾತ್ರ ಟಾರು ಹೊದ್ದು ಹಾಗೇ ಉಳಿದವು. ಗಂಟೆಗೊಂದು ಕಾರು, ಒಂದು ಟ್ರ್ಯಾಕ್ಟರ್. ಸೈಕಲ್ಲಿಗೆ ಇದಕ್ಕಿಂತ ಹೆಚ್ಚೇನು ಬೇಕು?

ಇಂಥ ದಾರಿಗಳ ರುಚಿ ಹತ್ತಬೇಕಾದರೆ ನೈಋತ್ಯ ಫ್ರಾನ್ಸಿನ ಗ್ಯಾಸ್ಕನಿ ಪ್ರಾಂತದ ಜೆರ್ಸ್ ಜಿಲ್ಲೆಗೆ ಹೋಗಬೇಕು. ಸುಮಾರು 6,250 ಚದರ ಕಿ.ಮೀ. ಹರವಿನಲ್ಲಿ 1.9 ಲಕ್ಷದಷ್ಟು ಜನ. ಜಿಲ್ಲಾಕೇಂದ್ರ ಓಶ್‌ ಕೂಡ ಸಣ್ಣ ಪಟ್ಟಣವೇ. ಪರ್ವತವಿಲ್ಲ, ಬಯಲೂ ಇಲ್ಲ. ಪಿರನೀಸ್ ಪರ್ವತಗಳಿಂದ ಕೊಚ್ಚಿ ಬಂದ ಮಣ್ಣು ಕಲ್ಲು ಲಕ್ಷಾಂತರ ವರ್ಷ ಇಲ್ಲಿ ಕೂಡಿಕೊಂಡಿತು. ದಕ್ಷಿಣದ ಲಾನ್‌ಮೆಜಾಂ ಪ್ರಸ್ಥಭೂಮಿಯಿಂದ ಹೊರಟ ಬಾಯೀಸ್, ಜೆರ್ಸ್, ಅರಾತ್ಸ್, ಜಿಮೋನ್, ಸಾವ್ ನದಿಗಳು ಬಿಚ್ಚಿದ ಬೀಸಣಿಗೆಯ ಕಡ್ಡಿಗಳ ಹಾಗೆ ಉತ್ತರಕ್ಕೆ ಹರಡಿ ಆ ಮಣ್ಣನ್ನು ಸೀಳಿದವು. ಹೀಗಾಗಿ ಎಲ್ಲಿ ನೋಡಿದರೂ ದಿಣ್ಣೆ, ಕಣಿವೆ, ಮತ್ತೆ ದಿಣ್ಣೆ.

ಈ ನೆಲದ ಗುಟ್ಟು ಗೊತ್ತಿದ್ದವರಿಗೆ ಸವಾರಿಯ ಅರ್ಧ ಕಷ್ಟ ಕಳೆಯುತ್ತದೆ. ಉತ್ತರ–ದಕ್ಷಿಣ ಹೋಗುವವರು ಒಮ್ಮೆ ದಿಣ್ಣೆಯ ನೆತ್ತಿ ಹತ್ತಿಬಿಟ್ಟರೆ ಸಾಕು; ರಸ್ತೆ ಅಲ್ಲೇ ಮೇಲುಮೇಲೆ ಸಾಗುತ್ತದೆ. ಎಡಬಲಕ್ಕೆ ಸೂರ್ಯಕಾಂತಿ, ಗೋಧಿ, ದ್ರಾಕ್ಷಿ. ಆಕಾಶ ಸ್ವಚ್ಛವಿದ್ದ ದಿನ ದಕ್ಷಿಣದ ಅಂಚಿನಲ್ಲಿ ಪಿರನೀಸ್ ಸಾಲು. ಪೂರ್ವ–ಪಶ್ಚಿಮ ಹೊರಟವರು ಮಾತ್ರ ಪ್ರತಿ ಕಣಿವೆಗೂ ಇಳಿಯಬೇಕು, ಪ್ರತಿ ದಿಣ್ಣೆಯನ್ನೂ ಏರಬೇಕು. ಅದರಲ್ಲೂ ಒಂದು ಸೂಕ್ಷ್ಮವಿದೆ. ಇಲ್ಲಿನ ಕಣಿವೆಗಳ ಎರಡು ಮಗ್ಗುಲು ಒಂದೇ ಸಮ ಇಲ್ಲ: ನದಿಯ ಪೂರ್ವದ ದಂಡೆ ಗಿಡ್ಡ, ಕಡಿದು, ಪಶ್ಚಿಮದ್ದು ಉದ್ದ, ನಿಧಾನ. ಪೂರ್ವದಿಂದ ಪಶ್ಚಿಮಕ್ಕೆ ಹೊರಟರೆ ಕಡಿದಾದ ಕಡೆ ಇಳಿಯಬಹುದು, ನಿಧಾನದ ಕಡೆ ಏರಬಹುದು. ಪಡುವಣ ಗಾಳಿ ಎದೆಗೆ ಹೊಡೆಯುವ ದಿನ ಆ ಲೆಕ್ಕ ತಲೆಕೆಳಗಾಗುತ್ತದೆ, ನಿಜ. ಆದರೂ ಗಾಳಿಯೊಂದಿಗೆ ಗುದ್ದಾಡುವುದು ಶೇ 12ರ ಏರಿಗಿಂತ ಮೇಲು.

ಮೊದಲ ದಿನಕ್ಕೆ ಹೇಳಿ ಮಾಡಿಸಿದ್ದು ಕೊಂದೊಂ ಪಟ್ಟಣದಿಂದ ಪಶ್ಚಿಮಕ್ಕೆ ಒಂದು ಸುತ್ತು, 40 ಕಿ.ಮೀ. ಆಚೀಚೆ. ಮೊದಲು ಸಿಗುವುದು ಲಾರೆಸ್ಯಾಂಗ್ಲ್, ಮಧ್ಯಯುಗದ ಕೋಟೆಗೋಡೆಯೊಳಗೆ ಅಡಗಿದ ಪುಟ್ಟ ಹಳ್ಳಿ. ಅದರ ಹತ್ತಿರವೇ ಓಸ್ ಹೊಳೆಗೆ ಅಡ್ಡಲಾಗಿ ಆರ್ತೀಗ್ ಸೇತುವೆ. ಸ್ಪೇನಿನ ಸ್ಯಾಂಟಿಯಾಗೊ ಯಾತ್ರಿಕರು ದಾಟುತ್ತಿದ್ದ ಕಲ್ಲುಸೇತುವೆ, 1998ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಮುಂದೆ ಮೊಂರೆಯಾಲ್, ಪಕ್ಕದ ಸೇವಿಯಾಕ್‌ನಲ್ಲಿ ರೋಮನ್ನರ ಕಾಲದ ಮನೆಯ ಬಣ್ಣದ ಕಲ್ಲಿನ ನೆಲಹಾಸು. ಕೊನೆಗೆ ಫೂರ್ಸೆಸ್: ಊರೇ ವೃತ್ತಾಕಾರ, ನಡುವೆ ಮರಗಳು, ಸುತ್ತ ಕಂಬಸಾಲಿನ ಜಗುಲಿ ಮನೆಗಳು. ಇಲ್ಲಿ ಅವಸರ ಮಾಡಿದವರು ಬಂದೂ ಬಾರದವರ ಹಾಗೆ.

ಇಂಥ ನೆಲದಲ್ಲಿ ಗೇರುಗಳ ಬೆಲೆ ತಿಳಿಯುತ್ತದೆ. ಸಾಂತ್ ಎತಿಯೆನ್‌ನ ಪಾಲ್ ದ ವಿವಿ ಎಂಬವರು ‘ವೆಲೊಸಿಯೊ’ ಎಂಬ ಹೆಸರಿನಲ್ಲಿ ಬರೆಯುತ್ತ, ಏರುತಗ್ಗಿನ ನಾಡಿಗೆ ಹಲವು ಗೇರು ಬೇಕೇ ಬೇಕೆಂದು ದಶಕಗಳ ಕಾಲ ವಾದಿಸಿದರು. ಟೂರ್ ಡಿ ಫ್ರಾನ್ಸ್‌ನವರು ಗೇರು ಬದಲಿಸುವ ಡಿರೇಲರ್‌ಗೆ ಒಪ್ಪಿದ್ದು 1937ರಲ್ಲಿ. ಅಷ್ಟರಲ್ಲಿ ವೆಲೊಸಿಯೊ ತೀರಿಕೊಂಡು 7 ವರ್ಷವಾಗಿತ್ತು. ಸುಮ್ಮನೆ ಊರು ನೋಡಲು ಸೈಕಲ್ ಹತ್ತುವ ಜನರೇ ಈ ವಿಷಯದಲ್ಲಿ ಪಂದ್ಯದವರಿಗಿಂತ ಮುಂದಿದ್ದರು.

ಜೆರ್ಸ್‌ನ ಪಶ್ಚಿಮದ ಗಡಿ ದಾಟಿದರೆ ಲಾಂದ್ ಜಿಲ್ಲೆಯ ಲಾಬಾಸ್ತಿದ್ ದಾರ್ಮಾನ್ಯಾಕ್. ಊರ ಹೊರಗಿನ ಹಳೆಯ ಪ್ರಾರ್ಥನಾ ಮಂದಿರವನ್ನು ಪಾದ್ರಿ ಜೋಸೆಫ್ ಮಾಸಿ ಸೈಕಲ್ ಸವಾರರ ಮಾತೆಗೆ ಮೀಸಲಿಟ್ಟರು. 1959ರಲ್ಲಿ ಪೋಪ್ 23ನೇ ಜಾನ್ ಸಮ್ಮತಿಯಿತ್ತರು. ಒಳಗೆ ಗೋಡೆ ತುಂಬ ಚಾಂಪಿಯನ್ನರು ಒಪ್ಪಿಸಿದ ಜೆರ್ಸಿಗಳು. ಕಿಟಕಿಯ ಬಣ್ಣದ ಗಾಜಿನ ಕೆಲಸ ಹಿಂದೆ ಸ್ವತಃ ಪಂದ್ಯದಲ್ಲಿ ಓಡಿದ ಆನ್ರಿ ಆಂಗ್ಲಾದ್ ಅವರದು. 1973ರ ಟೂರ್ ಗೆದ್ದ ಲೂಯಿಸ್ ಒಕಾನ್ಯ ಮದುವೆಯಾದದ್ದೂ ಇಲ್ಲೇ.

ಇನ್ನು ಕೆಲವು ವ್ಯವಹಾರದ ಮಾತು. ಓಶ್ ಮೂಲಕ ಹಾಯುವ ಎನ್21 ಮತ್ತು ಎನ್124 ರಾಷ್ಟ್ರೀಯ ರಸ್ತೆಗಳ ಸಹವಾಸ ಬೇಡ. ಊರೊಳಗೆ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರದೇ ಮೊದಲ ಹಕ್ಕು. ಸಣ್ಣ ಓಣಿಯಿಂದ ಕಾರು ನುಗ್ಗಿದರೂ ತಪ್ಪು ಅದರದಲ್ಲ. ಊರ ಹೊರಗೆ ಸೈಕಲನ್ನು ದಾಟುವ ಕಾರು ಒಂದೂವರೆ ಮೀಟರ್ ಅಂತರ ಬಿಡಬೇಕೆಂಬುದು ಕಾನೂನು. ಬೇಸಿಗೆಯಲ್ಲಿ ‘ಗ್ರಾವಿಯೊಂ’ ಎಂಬ ಫಲಕ ಕಂಡರೆ ಮುಂದೆ ಹೊಸ ಟಾರಿನ ಮೇಲೆ ಸಡಿಲ ಜಲ್ಲಿಯಿದೆ ಎಂದು ತಿಳಿದು ಇಳಿಜಾರಿನಲ್ಲಿ ವೇಗ ತಗ್ಗಿಸಬೇಕು. 28 ಮಿ.ಮೀ. ಇಲ್ಲವೇ 32 ಮಿ.ಮೀ. ಟೈರು ಒಳ್ಳೆಯದು.

ಹಸಿವು ಬಾಯಾರಿಕೆಯ ಲೆಕ್ಕ ಇನ್ನೂ ಮುಖ್ಯ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಎರಡು ಗಂಟೆ ಕಾಲ ಬಾಗಿಲು ಹಾಕುತ್ತವೆ, ಸೋಮವಾರ ಎಷ್ಟೋ ಬೇಕರಿಗಳು ತೆರೆಯುವುದೇ ಇಲ್ಲ. ಬೆಳಗ್ಗೆಯೇ ಬ್ರೆಡ್ಡು, ಚೀಸು ಕಟ್ಟಿಕೊಳ್ಳಬೇಕು. ನೀರಿಗೆ ಅಲ್ಲಿನ ಸೈಕಲ್ ಸವಾರರು ಹುಡುಕುವುದು ಊರಿನ ಸ್ಮಶಾನವನ್ನು: ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಇಟ್ಟಿರುತ್ತಾರೆ. ಕುಡಿಯಲು ಯೋಗ್ಯವಲ್ಲ ಎಂಬ ಫಲಕ ಇದೆಯೇ ಎಂದು ನೋಡಿಕೊಂಡರಾಯಿತು.

ಬೆಂಗಳೂರಿನ ಸವಾರರಿಗೆ ಈ ದೇಶದೊಂದಿಗೆ ಹಳೆಯ ನಂಟಿದೆ. ಅವರು ನಮ್ಮಲ್ಲಿ ಓಡಿಸುವ 200, 300, 400, 600 ಕಿ.ಮೀ. ಬ್ರೆವೆಗಳಿಗೆ, ಅಂದರೆ ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗಳಿಗೆ, ಮಾನ್ಯತೆ ಕೊಡುವುದು ಪ್ಯಾರಿಸ್ಸಿನ ಓಡಾಕ್ಸ್ ಕ್ಲಬ್. ಆ ನಾಲ್ಕನ್ನೂ ಮುಗಿಸಿದವರು ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1,200 ಕಿ.ಮೀ.ಗಳ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ಗೆ ಹೋಗುತ್ತಾರೆ. ಹೆಚ್ಚಿನವರ ಪಾಲಿಗೆ ಆ 90 ಗಂಟೆಗಳಲ್ಲಿ ಕಂಡದ್ದೇ ಫ್ರಾನ್ಸ್. ಅದರಲ್ಲೂ ಎಷ್ಟೋ ದಾರಿ ಕತ್ತಲಲ್ಲಿ, ನಿದ್ದೆಗಣ್ಣಲ್ಲಿ. ಮುಂದಿನ ಸರದಿ 2027ರದು. ಅಷ್ಟು ದೂರ ಹೋದವರು ಒಂದು ವಾರ ಹೆಚ್ಚಿಗೆ ಇಟ್ಟುಕೊಂಡು, ಟೂಲೂಸ್‌ನಲ್ಲಿ ಸೈಕಲ್ ಸಮೇತ ಪ್ರಾದೇಶಿಕ ರೈಲು ಹತ್ತಿ ಓಶ್‌ನಲ್ಲಿ ಇಳಿಯಬೇಕು. ಆ ಸವಾರಿ ಆಗಸ್ಟಿನಲ್ಲಿ ಮುಗಿಯುವುದರಿಂದ ಸೆಪ್ಟೆಂಬರ್ ಮೊದಲ ವಾರ ಸರಿಹೊಂದುತ್ತದೆ: ಬಿಸಿಲು ಇಳಿದಿರುತ್ತದೆ, ರಜೆಯ ಜನ ಮನೆಗೆ ಮರಳಿರುತ್ತಾರೆ, ಲೆಕ್ತೂರ್ ಊರಿನ ಕರಬೂಜ ಜಾತಿಯ ಮೆಲನ್ ಹಣ್ಣು ಸಂತೆಯಲ್ಲಿ ಇನ್ನೂ ಸಿಗುತ್ತಿರುತ್ತದೆ.