ಮೊಗ್ಗು ಮುಗಿದಾಗ ಲವಂಗ

ಹೊಸೂರು ರಸ್ತೆ ಪಕ್ಕದ ಸಿಂಗಸಂದ್ರದಲ್ಲಿ ಬಿಸಿಬೇಳೆ ಬಾತಿನ ಪುಡಿಗೆಂದು ಬಾಣಲೆ ಇಟ್ಟವರಿಗೆ ಡಬ್ಬಿಯಲ್ಲಿ ಮರಾಠಿ ಮೊಗ್ಗು ಖಾಲಿ ಎಂದು ಗೊತ್ತಾದರೆ, ಕೈ ತಾನಾಗಿ ಲವಂಗದತ್ತ ಹೋಗುತ್ತದೆ. ಹೋಗಲಿ, ಆದರೆ ಅಳತೆ ತಪ್ಪಬಾರದು.

ಮರಾಠಿ ಮೊಗ್ಗು ಬೂರುಗದ ಜಾತಿಯ ಮರದ್ದು. ನೋಡಲು ದಪ್ಪ ಲವಂಗದಂತಿದ್ದರೂ ಘಾಟು ಕಡಿಮೆ. ಎಣ್ಣೆಯಲ್ಲಿ ಹುರಿದರೇ ಅದರ ಪರಿಮಳ ಬಿಚ್ಚಿಕೊಳ್ಳುವುದು. ಲವಂಗದ ಎಣ್ಣೆಯಲ್ಲಿ ಬಹುಪಾಲು ಯೂಜಿನಾಲ್, ನಾಲಿಗೆಗೆ ಜೋಮು ಹಿಡಿಸುವುದೂ ಅದೇ. ಹಾಗಾಗಿ ಎರಡು ಮೊಗ್ಗಿನ ಜಾಗಕ್ಕೆ ಒಂದೇ ಲವಂಗ, ಜೊತೆಗೊಂದು ಚೂರು ಚಕ್ಕೆ ಸಾಕು. ಲವಂಗ ಉಬ್ಬಿದ ತಕ್ಷಣ ಉರಿ ಆರಿಸಬೇಕು, ಸೀದರೆ ಇಡೀ ಪುಡಿ ಕಹಿ.

ಚಕ್ಕೆಯಲ್ಲಂತೂ ಅದಲುಬದಲು ಅಂಗಡಿಯಲ್ಲೇ ಆಗಿರುತ್ತದೆ. ಅಲ್ಲಿ ಸಿಗುವ ದಪ್ಪ, ಗಡಸು ತೊಗಟೆ ಹೆಚ್ಚಾಗಿ ಕ್ಯಾಸಿಯಾ. ಶ್ರೀಲಂಕಾದ ಅಸಲಿ ದಾಲ್ಚಿನ್ನಿ ತೆಳು ಪದರಗಳ ಸುರುಳಿ, ಬೆರಳಲ್ಲೇ ಮುರಿಯುತ್ತದೆ, ವಾಸನೆಯೂ ಮೃದು. ಪಲಾವಿನ ಕಾದ ಎಣ್ಣೆಗೆ ಮಾತ್ರ ಕ್ಯಾಸಿಯಾವೇ ಗಟ್ಟಿಗ.

ಎಲ್ಲಕ್ಕಿಂತ ಸೊಗಸಾದ ಬದಲಿಯೆಂದರೆ ಜಾಯಿಕಾಯಿಗೆ ಜಾಪತ್ರೆ: ಒಂದೇ ಹಣ್ಣಿನ ಬೀಜ ಒಂದು, ಆ ಬೀಜವನ್ನು ಅಪ್ಪಿಕೊಂಡ ಕೆಂಪು ಜಾಲರಿ ಇನ್ನೊಂದು. ಹೂರಣಕ್ಕೆ ಏಲಕ್ಕಿ ಸಾಲದಿದ್ದರೂ ಚಿಟಿಕೆ ಜಾಯಿಕಾಯಿ ತುರಿ ನಡೆಯುತ್ತದೆ. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಹೋಳಿಗೆಯಲ್ಲಿ ಅವೆರಡೂ ಜೊತೆಯಾಗಿಯೇ ಬೀಳುತ್ತವೆ.