ಎಪ್ಪತ್ತನ್ನು ಕಟ್ಟಿದ್ದು ಎಂಬತ್ತು

ಬಾಳ್ಳುಪೇಟೆಯ ಸುತ್ತಮುತ್ತ ಕಾಫಿ ಕೊಯ್ಲು ಶುರುವಾಯಿತೆಂದರೆ ರಾತ್ರಿ ಕಣ ಕಾಯಬೇಕು. ಹರಡಿದ ಹಣ್ಣಿನ ಪಕ್ಕ ಒಂದು ಬೆಂಕಿ, ಹೊದೆಯಲು ಕಂಬಳಿ, ಕೇಳಲು ಹಾಡು. ಈ ಮೂರಿಲ್ಲದೆ ನಮ್ಮ ಮನೆಯ ಕಣದಲ್ಲಿ ಕಾವಲು ನಡೆದದ್ದಿಲ್ಲ. ಹಾಡು ಇದ್ದಲ್ಲಿ ವಾದವೂ ಇರುತ್ತದೆ. ಆ ವಾದ ಪ್ರತಿ ವರ್ಷ ಒಂದೇ ಕಡೆ ಬಂದು ನಿಲ್ಲುತ್ತದೆ.

‘ಹಾಡು ಅಂದ್ರೆ ಎಪ್ಪತ್ತರ ದಶಕದ್ದು ಕಣೋ. ಆಮೇಲೆ ಬಂದಿದ್ದೆಲ್ಲ ಬರೀ ಗದ್ದಲ’ ಎನ್ನುತ್ತಾರೆ ನಮ್ಮ ದೊಡ್ಡಪ್ಪ. ಬೆಂಕಿ ಸುತ್ತ ಕೂತವರೆಲ್ಲ ಹೂಂ ಎನ್ನುತ್ತಾರೆ.

ಇದು ನಮ್ಮ ದೊಡ್ಡಪ್ಪನೊಬ್ಬರ ಮಾತಲ್ಲ. ರಾಜ್ಯೋತ್ಸವದ ಆರ್ಕೆಸ್ಟ್ರಾ ವೇದಿಕೆಯಿಂದ ಟಿವಿಯ ಸಂಗೀತ ಸ್ಪರ್ಧೆಗಳವರೆಗೆ ಎಲ್ಲರೂ ಒಪ್ಪಿ ಕೈಮುಗಿದ ಮಾತು. ಎಪ್ಪತ್ತರ ದಶಕ ಕನ್ನಡ ಚಿತ್ರಗೀತೆಯ ಸುವರ್ಣಯುಗ, ಅಲ್ಲಿಂದಾಚೆ ಇಳಿಜಾರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ಹಾಡುಗಳ ಮೇಲೆ ನನಗೆ ಪ್ರೀತಿ ಕಡಿಮೆ ಎಂದಲ್ಲ. ಅವುಗಳ ಮೇಲಿನ ಪ್ರೀತಿಯಿಂದಲೇ ಈ ತಕರಾರು ಎತ್ತುತ್ತಿದ್ದೇನೆ.

ಮೊದಲು ಎದುರು ಪಕ್ಷದ ಬಲವನ್ನು ಒಪ್ಪಿಬಿಡುತ್ತೇನೆ. 1971ರಲ್ಲಿ ‘ಕಸ್ತೂರಿ ನಿವಾಸ’ ಮತ್ತು ‘ಶರಪಂಜರ’. 1972ರಲ್ಲಿ ‘ಬಂಗಾರದ ಮನುಷ್ಯ’ ಮತ್ತು ‘ನಾಗರಹಾವು’. 1973ರಲ್ಲಿ ‘ಗಂಧದ ಗುಡಿ’, ಮರುವರ್ಷ ‘ಎರಡು ಕನಸು’. 1976 ಒಂದರಲ್ಲೇ ‘ಬಯಲು ದಾರಿ’, ‘ನಾ ನಿನ್ನ ಮರೆಯಲಾರೆ’, ‘ಪ್ರೇಮದ ಕಾಣಿಕೆ’. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ, ಉಪೇಂದ್ರಕುಮಾರ್ ಒಟ್ಟೊಟ್ಟಿಗೆ ಕೆಲಸ ಮಾಡುತ್ತಿದ್ದ ಕಾಲ ಅದು. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ ಬರೆಯುತ್ತಿದ್ದರು. ಐವತ್ತರ ದಶಕದಲ್ಲಿ ನಮ್ಮ ಎಷ್ಟೋ ಹಾಡುಗಳು ಹಿಂದಿ ಧಾಟಿಯನ್ನೇ ಹೊದ್ದು ಬರುತ್ತಿದ್ದವು. ಆ ಸಾಲ ತೀರಿಸಿ ಕನ್ನಡದ ಕಿವಿಗೆ ತನ್ನದೇ ಧಾಟಿ ಕೊಟ್ಟವರು ಇವರು. ಇಷ್ಟನ್ನು ಒಪ್ಪದವನಿಗೆ ಹಾಡಿನ ಬಗ್ಗೆ ಮಾತಾಡುವ ಹಕ್ಕಿಲ್ಲ.

ಆದರೆ ತೋಟ ಮಾಡುವವರು ನಾವು, ಫಸಲಿನ ಲೆಕ್ಕ ನಮಗೆ ಗೊತ್ತಿರಬೇಕು. ಇವತ್ತು ಕೊಯ್ಯುವ ಹಣ್ಣು ಇವತ್ತಿನದಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಂದಿರಬೇಕು, ಅದಕ್ಕೂ ಮೊದಲು ಗಿಡ ನೆಟ್ಟು ಮೂರು ನಾಲ್ಕು ವರ್ಷ ಕಾದಿರಬೇಕು, ಅದಕ್ಕೂ ಎಷ್ಟೋ ವರ್ಷ ಮೊದಲು ಯಾರೋ ನೆರಳಿನ ಮರ ಉಳಿಸಿರಬೇಕು. ರಾಜನ್-ನಾಗೇಂದ್ರ ಸಹೋದರರ ಮೊದಲ ಕನ್ನಡ ಚಿತ್ರ ‘ಸೌಭಾಗ್ಯಲಕ್ಷ್ಮಿ’ ಬಂದದ್ದು 1953ರಲ್ಲಿ. ‘ಗಂಧದ ಗುಡಿ’ಗೆ ಇಪ್ಪತ್ತು ವರ್ಷ ಮೊದಲು. ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ದಲ್ಲಿ ಬೇಂದ್ರೆಯವರ ಕವಿತೆಯನ್ನು ವಿಜಯಭಾಸ್ಕರ್ ಹಾಡಾಗಿಸಿದ್ದು 1967ರಲ್ಲಿ. ಕುವೆಂಪು ಕವಿತೆಯೊಂದು ‘ಮಿಸ್ ಲೀಲಾವತಿ’ಯಲ್ಲಿ ಕೇಳಿದ್ದು 1965ರಲ್ಲಿ. ಎಪ್ಪತ್ತರಲ್ಲಿ ರಾಶಿ ಬಿದ್ದ ಹಣ್ಣಿನ ಹೂವು ಅರಳಿದ್ದು ಅರವತ್ತರಲ್ಲಿ.

ಇನ್ನೊಂದು ವಿಷಯ. ಎಪ್ಪತ್ತರ ದಶಕವೆಂಬುದು ಒಂದೇ ಕಾಲವೂ ಅಲ್ಲ. ಅದರ ನಡುಮಧ್ಯೆ, 1974ರಲ್ಲಿ, ‘ಸಂಪತ್ತಿಗೆ ಸವಾಲ್’ ಬಂತು. ಅದುವರೆಗೆ ರಾಜ್‌ಕುಮಾರ್ ಮುಖಕ್ಕೆ ದನಿಯಾಗಿದ್ದವರು ಪಿ.ಬಿ. ಶ್ರೀನಿವಾಸ್. ಜಿ.ಕೆ. ವೆಂಕಟೇಶ್ ಆ ಚಿತ್ರದಲ್ಲಿ ರಾಜ್ ಅವರಿಂದಲೇ ಹಾಡಿಸಿದರು. ಅದಕ್ಕೆ ಮೊದಲು ‘ಮಹಿಷಾಸುರ ಮರ್ದಿನಿ’ಯಲ್ಲಿ ಅವರು ಹಾಡಿದ್ದುಂಟು, ಆದರೆ ದಾರಿ ತಿರುಗಿದ್ದು 1974ರಲ್ಲೇ. ಶ್ರೀನಿವಾಸ್ ದನಿಯ ಬೆಣ್ಣೆಯಂಥ ನಯವೂ ರಾಜ್ ದನಿಯ ರಂಗಭೂಮಿಯ ಗತ್ತೂ ಬೇರೆ ಬೇರೆ ಸಂಗೀತಗಳು. ಎರಡನ್ನೂ ‘ಎಪ್ಪತ್ತು’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಇಬ್ಬರಿಗೂ ನ್ಯಾಯವಿಲ್ಲ.

ನನ್ನ ಮುಖ್ಯ ವಾದ ಇದ್ಯಾವುದೂ ಅಲ್ಲ. ಎಪ್ಪತ್ತರ ದಶಕ ಸುವರ್ಣಯುಗ ಆದದ್ದು ಎಪ್ಪತ್ತರಲ್ಲಲ್ಲ, ಎಂಬತ್ತರಲ್ಲಿ. ಅದನ್ನು ಹಾಗೆ ಕಟ್ಟಿಕೊಟ್ಟದ್ದು ಕ್ಯಾಸೆಟ್ಟು.

ಕ್ಯಾಸೆಟ್ಟಿಗೆ ಮೊದಲು ನಮ್ಮ ಕಡೆ ಹಾಡು ಹೇಗೆ ಬರುತ್ತಿತ್ತು ಎಂದು ನೆನಪು ಮಾಡಿಕೊಳ್ಳಿ. ಭದ್ರಾವತಿ ಆಕಾಶವಾಣಿ 1965ರಲ್ಲಿ, ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾದವು. ನಮ್ಮ ಗುಡ್ಡದಲ್ಲಿ ರೇಡಿಯೊ ಇಟ್ಟ ದಿಕ್ಕು, ಮಳೆ, ಮೋಡ ನೋಡಿಕೊಂಡು ಒಮ್ಮೆ ಅದು, ಒಮ್ಮೆ ಇದು ಸಿಗುತ್ತಿತ್ತು. ಹಾಡು ಯಾವುದೆಂದು ತೀರ್ಮಾನಿಸುವವರು ನಿಲಯದವರು. ಬೇಕಾದ ಹಾಡಿಗಾಗಿ ಕಾರ್ಡು ಬರೆದು ವಾರಗಟ್ಟಲೆ ಕಾಯಬೇಕು. ಅದು ಬರುವ ಹೊತ್ತಿಗೆ ಅವ್ವ ಕೊಟ್ಟಿಗೆಯಲ್ಲಿದ್ದರೆ ಮುಗಿಯಿತು, ಹಾಡು ಹೋಯಿತು. ಟೂರಿಂಗ್ ಟಾಕೀಸಿನವರು ಆಟಕ್ಕೆ ಮೊದಲು ಹಾಕುವ ರೆಕಾರ್ಡು, ಮದುವೆ ಮನೆಯ ಮೈಕ್ ಸೆಟ್ಟು, ಕೆಲವೇ ಪೈಸೆಗೆ ಸಿಗುವ ಹಾಡಿನ ಪುಸ್ತಕ. ಇಷ್ಟೇ. ಹಾಡು ಕೇಳುಗನದಾಗಿರಲಿಲ್ಲ, ಕೇಳುಗನ ಮೇಲಿನಿಂದ ಹಾದುಹೋಗುತ್ತಿತ್ತು.

ಎಂಬತ್ತರ ದಶಕದಲ್ಲಿ ರೇಡಿಯೊ, ಕ್ಯಾಸೆಟ್ಟು ಎರಡನ್ನೂ ಹಾಡಿಸುವ ಟೂ ಇನ್ ಒನ್ ಬಂತು. ತೋಟದ ಯಜಮಾನರ ಮನೆಗೆ ಮೊದಲು, ಆಮೇಲೆ ರೈಟರ ಮನೆಗೆ, ದಶಕ ಮುಗಿಯುವ ಹೊತ್ತಿಗೆ ತೋಟದ ಕೂಲಿಗಳ ಲೈನ್ ಮನೆಗಳಿಗೆ. ಶೆಲ್ಲು ಉಳಿಸಲು ಕ್ಯಾಸೆಟ್ಟಿನ ತೂತಿಗೆ ಪೆನ್ಸಿಲ್ ತೂರಿಸಿ ಕೈಯಲ್ಲೇ ಸುತ್ತಿದ ತಲೆಮಾರು ನನ್ನದು. ಸಕಲೇಶಪುರದ ಪೇಟೆಯಲ್ಲಿ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವ ಅಂಗಡಿಗಳಿದ್ದವು. ಬೇಕಾದ ಹಾಡಿನ ಪಟ್ಟಿ ಬರೆದು ಕೊಟ್ಟು ಬಂದರೆ ಮುಂದಿನ ಸಂತೆಗೆ ಸಿಗುತ್ತಿತ್ತು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದು ಬದಿ ಏಳು, ಇನ್ನೊಂದು ಬದಿ ಏಳು, ಒಟ್ಟು ಹದಿನಾಲ್ಕು ಹಾಡು.

ಎಲ್ಲವೂ ನಿಂತಿರುವುದು ಈ ಹದಿನಾಲ್ಕರ ಮೇಲೆ. ಎಪ್ಪತ್ತರ ದಶಕದಲ್ಲಿ ಕನ್ನಡದಲ್ಲಿ ನೂರಾರು ಚಿತ್ರ ಬಂದವು. ಚಿತ್ರಕ್ಕೆ ನಾಲ್ಕೈದು ಹಾಡೆಂದರೂ ಸಾವಿರ ದಾಟುತ್ತದೆ. ಅದರಲ್ಲಿ ಸಪ್ಪೆ ಹಾಡು, ಅವಸರದ ಹಾಡು, ಕ್ಯಾಬರೆಗೆಂದು ತುರುಕಿದ ಹಾಡು ಎಲ್ಲವೂ ಇದ್ದವು. ಊರೂರಿನ ಜನ ಕೂತು ಪಟ್ಟಿ ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಹದಿನಾಲ್ಕಕ್ಕೆ ಇಳಿಸಿದರು. ದೊಡ್ಡ ಕಂಪನಿಗಳೂ ಹಳೆಯ ಹಾಡುಗಳನ್ನು ಆಯ್ದು ಕ್ಯಾಸೆಟ್ಟಿನ ಕಟ್ಟು ಮಾಡಿ ಮಾರಿದವು. ಕೇರಿ ಕೇರಿ ಜೊಳ್ಳು ಹಾರಿಸಿ ಉಳಿದ ಕಾಳನ್ನು ನಾವು ‘ಎಪ್ಪತ್ತರ ದಶಕ’ ಎಂದು ಕರೆಯುತ್ತಿದ್ದೇವೆ. ಆದರೆ ತೊಂಬತ್ತನ್ನೂ ಇವತ್ತಿನದನ್ನೂ ಜೊಳ್ಳು ಸಮೇತ ತೂಗುತ್ತೇವೆ. ಇದು ಸರಿಯಾದ ತಕ್ಕಡಿಯಲ್ಲ.

ದೊಡ್ಡಪ್ಪನ ಬಳಿ ಅಂಥದೊಂದು ಕ್ಯಾಸೆಟ್ಟು ಇನ್ನೂ ಇದೆ. 1986ರ ಕೊಯ್ಲಿಗೆ ಮೊದಲು ತುಂಬಿಸಿದ್ದು. ಲೇಬಲ್ ಮೇಲೆ ಅವರದೇ ದುಂಡಗಿನ ಅಕ್ಷರದಲ್ಲಿ ‘ಎಪ್ಪತ್ತರ ಹಾಡು’ ಎಂದಿದೆ. ಹೋದ ವರ್ಷ ಕಣದಲ್ಲಿ ಕೂತು ಒಂದೊಂದೇ ಹಾಡಿನ ಚಿತ್ರ, ಇಸವಿ ನೋಡುತ್ತ ಹೋದೆ. ಎಂಟು ಹಾಡು ಎಪ್ಪತ್ತರವೇ. ಎರಡು ಅರವತ್ತರವು, ‘ಬೆಳ್ಳಿಮೋಡ’ದ್ದು ಮತ್ತು ‘ಮಿಸ್ ಲೀಲಾವತಿ’ಯದು. ಉಳಿದ ನಾಲ್ಕು: 1981ರ ‘ಗೀತಾ’, 1982ರ ‘ಹಾಲು ಜೇನು’, ‘ಚಲಿಸುವ ಮೋಡಗಳು’, ‘ಹೊಸ ಬೆಳಕು’. ಅಂದರೆ ಗದ್ದಲದ ಕಾಲ ಎಂದು ಅವರು ಬೈಯುವ ದಶಕದ ನಾಲ್ಕು ಹಾಡು ಅವರ ಸುವರ್ಣಯುಗದೊಳಗೇ ಕೂತಿವೆ. ಕಿವಿ ಒಪ್ಪಿದ್ದನ್ನೆಲ್ಲ ಅವರು ಎಪ್ಪತ್ತಕ್ಕೆ ಸೇರಿಸಿಬಿಟ್ಟಿದ್ದಾರೆ.

ಇದರಿಂದ ನಿಜಕ್ಕೂ ನಷ್ಟವಾದದ್ದು ಯಾರಿಗೆ? ಅವರು ಆರಾಧಿಸುವ ಆ ಸಂಗೀತಗಾರರಿಗೇ. ‘ಹಾಲು ಜೇನು’ ಜಿ.ಕೆ. ವೆಂಕಟೇಶರದು, ‘ಚಲಿಸುವ ಮೋಡಗಳು’ ರಾಜನ್-ನಾಗೇಂದ್ರರದು. ವಿಜಯಭಾಸ್ಕರ್ 1982ರಲ್ಲಿ ‘ಮಾನಸ ಸರೋವರ’ ಕೊಟ್ಟರು, 1986ರಲ್ಲಿ ‘ಮಲಯ ಮಾರುತ’ ಕೊಟ್ಟರು. ಶಾಸ್ತ್ರೀಯ ಸಂಗೀತವನ್ನೇ ಕಥೆಯಾಗಿಸಿಕೊಂಡ, ಯೇಸುದಾಸ್ ದನಿ ತುಂಬಿ ಹರಿದ ಚಿತ್ರ ಅದು. ಸಿಂಥಸೈಜರ್ ಸದ್ದಲ್ಲದೆ ಎಂಬತ್ತರಲ್ಲಿ ಏನಿತ್ತು ಎಂದು ಕೇಳುವವರು ಮೊದಲು ಅದನ್ನು ಕೇಳಬೇಕು. ಎಂ. ರಂಗರಾವ್ ‘ಹೊಸ ಬೆಳಕು’ ಆದಮೇಲೆ 1984ರಲ್ಲಿ ‘ಶ್ರಾವಣ ಬಂತು’ ಮಾಡಿದರು. ಒಂದು ದಶಕವನ್ನು ಶಿಖರ ಎಂದು ಕೂಗಿಕೂಗಿ ಈ ಹಿರಿಯರ ಅರ್ಧ ಬಾಳ್ವೆಯ ದುಡಿಮೆಯನ್ನು ಲೆಕ್ಕದಿಂದ ತೆಗೆದುಹಾಕಿದ್ದೇವೆ. ನನಗೆ ಇದು ನೋವಿನ ವಿಷಯ.

ಹೊಸಬರ ಮಾತಿಗೆ ಬಂದರೆ ಇಳಯರಾಜ ಇದ್ದಾರೆ. 1980ರ ‘ಜನ್ಮ ಜನ್ಮದ ಅನುಬಂಧ’, ಮರುವರ್ಷ ‘ಗೀತಾ’, 1983ರಲ್ಲಿ ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’. ಹೊರಗಿನಿಂದ ಬಂದ ಗಾಳಿ ಎನ್ನುವವರಿಗೆ ಒಂದು ಮಾತು ನೆನಪಿಸಬೇಕು: ಇಳಯರಾಜ ವರ್ಷಗಟ್ಟಲೆ ಸಹಾಯಕರಾಗಿ ಕೆಲಸ ಕಲಿತದ್ದು ನಮ್ಮ ಜಿ.ಕೆ. ವೆಂಕಟೇಶರ ಹತ್ತಿರ. ಹೊರಗಿನವರೆಂದರೆ ಪಿ.ಬಿ. ಶ್ರೀನಿವಾಸರೂ ಕಾಕಿನಾಡದವರೇ, ಎಸ್. ಜಾನಕಿ, ಪಿ. ಸುಶೀಲಾ, ಎಸ್ಪಿಬಿ ಎಲ್ಲರ ತಾಯ್ನುಡಿ ತೆಲುಗೇ. ಎಪ್ಪತ್ತರ ಬಹುಪಾಲು ಹಾಡುಗಳ ಧ್ವನಿಮುದ್ರಣ ಆದದ್ದೂ ಮದ್ರಾಸಿನಲ್ಲೇ.

ಹಂಸಲೇಖರ ವಿಷಯದಲ್ಲಿ ವಾದ ಬಿಸಿಯೇರುತ್ತದೆ. ಅವರ ಹಾಡುಗಳ ‘ಪ್ರೇಮಲೋಕ’ 1987ರಲ್ಲಿ ಬಂದಾಗ ನಮ್ಮ ದಾರಿಯ ಪ್ರೈವೇಟ್ ಬಸ್ಸುಗಳಲ್ಲಿ ಬೇರೆ ಕ್ಯಾಸೆಟ್ಟೇ ಇರಲಿಲ್ಲ. ಹಿರಿಯರಿಗೆ ಅದು ಹಾಡಿನ ಅಂತ್ಯದಂತೆ ಕಂಡಿತು. ನನಗೆ ಕಂಡದ್ದು ಬೇರೆ. ಅದುವರೆಗೆ ಹೆಚ್ಚಾಗಿ ಸಾಹಿತ್ಯ ಒಬ್ಬರದು, ಸಂಗೀತ ಒಬ್ಬರದು. ಇಲ್ಲಿ ಎರಡೂ ಒಬ್ಬರ ಕೈಯಲ್ಲಿ ಬೆಸೆದವು. ಅವರ ಹಾಡಿನಲ್ಲಿ ಜನ ಪ್ರಶ್ನೆ ಕೇಳುತ್ತಾರೆ, ಉತ್ತರ ಕೊಡುತ್ತಾರೆ, ಮುನಿಸಿಕೊಳ್ಳುತ್ತಾರೆ. ಬಾಳ್ಳುಪೇಟೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತ ಹುಡುಗ ಆಡುವ ಕನ್ನಡವೇ ತಾಳಕ್ಕೆ ಕೂರುತ್ತದೆ ಎಂದು ಮೊದಲು ತೋರಿಸಿದವು ಆ ಹಾಡುಗಳು. ಅಲ್ಲಿಂದ ಶುರುವಾದ ಅಲೆಯಲ್ಲಿ ಹೆಣ್ಣನ್ನು ಬರೀ ಮೈಯಾಗಿ ನೋಡುವ, ಎರಡರ್ಥದ ಹಾಡುಗಳೂ ಬಂದವು, ಸುಳ್ಳಲ್ಲ. ಅವನ್ನು ನಾನು ಅಂದೂ ಇಷ್ಟಪಡಲಿಲ್ಲ, ಇಂದು ಮಗಳ ಮುಂದೆ ಹಾಕಲಾರೆ. ಆ ದಶಕದ ತಪ್ಪು ಅದು, ತಪ್ಪೆಂದೇ ಬರೆಯುತ್ತೇನೆ.

ಸಿನಿಮಾ ಹಾಡೊಂದೇ ಜನಪ್ರಿಯ ಹಾಡೆಂದು ಹಿಡಿದು ಕೂತಿರುವುದು ನಮ್ಮ ಇನ್ನೊಂದು ಕುರುಡು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಕೂರಿಸಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ಟು ಎಂದು ಅದಕ್ಕೆ ಹೆಸರು. ಅದು ಎಪ್ಪತ್ತರದು, ಒಪ್ಪಿದೆ. ಆದರೆ ಅದು ತೆರೆದ ಬಾಗಿಲಿನಿಂದ ಊರು ತುಂಬಿದ್ದು ಮುಂದಿನ ದಶಕ. ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ, ಬಿ.ಕೆ. ಸುಮಿತ್ರಾ, ರತ್ನಮಾಲಾ ಪ್ರಕಾಶ್ ಅವರ ದನಿಗಳು ಪುಸ್ತಕದ ಕವಿಗಳನ್ನು ಅಡುಗೆಮನೆಗೆ ತಂದವು. ನಮ್ಮವ್ವ ಒಂದು ಕವನ ಸಂಕಲನವನ್ನೂ ತೆರೆದವರಲ್ಲ, ಕೆ.ಎಸ್. ನರಸಿಂಹಸ್ವಾಮಿಯವರ ಐದಾರು ಕವಿತೆ ಅವರಿಗೆ ಬಾಯಿಗೆ ಬರುತ್ತಿದ್ದವು.

ದಶಕದ ಲೆಕ್ಕ ಪೂರಾ ಕುಸಿಯುವುದು ಅದೇ ನರಸಿಂಹಸ್ವಾಮಿಯವರ ಕವನ ಸಂಕಲನ ‘ಮೈಸೂರ ಮಲ್ಲಿಗೆ’ಯಲ್ಲೇ. ಪುಸ್ತಕ ಪ್ರಕಟವಾದದ್ದು 1942ರಲ್ಲಿ. ಹಾಡಾಗಿ ಮನೆಮನೆಗೆ ಬಂದದ್ದು ಕ್ಯಾಸೆಟ್ಟಿನ ಕಾಲದಲ್ಲಿ. ನಾಗಾಭರಣರ ಚಿತ್ರವಾಗಿ ತೆರೆಗೆ ಬಂದದ್ದು ತೊಂಬತ್ತರ ಆರಂಭದಲ್ಲಿ. ಆ ಚಿತ್ರದ ಗೀತೆಗೆ ಕವಿಗೆ ರಾಷ್ಟ್ರಪ್ರಶಸ್ತಿ ಬಂತು. ಈ ಹಾಡುಗಳು ಯಾವ ದಶಕದವು? ಶಿಶುನಾಳ ಷರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡದ್ದು 1889ರಲ್ಲಿ. ಹತ್ತಿರ ಹತ್ತಿರ ನೂರು ವರ್ಷದ ಮೇಲೆ ಅಶ್ವತ್ಥ್, ಸುಬ್ಬಣ್ಣ ಅವರ ದನಿಯಲ್ಲಿ ಆ ತತ್ವಪದಗಳು ನಮ್ಮ ಜೀಪುಗಳಲ್ಲಿ, ಕಾಫಿ ತುಂಬಿದ ಲಾರಿಗಳಲ್ಲಿ ಕೇಳಿದವು. ಧಾರವಾಡ ಕಡೆಯ ಮಾತು ಮಲೆನಾಡಿನ ಲೈನ್ ಮನೆಯ ತುಳು, ತಮಿಳು ಬಾಯಲ್ಲೂ ಹರಿದಾಡಿತು. ಹತ್ತೊಂಬತ್ತನೆಯ ಶತಮಾನದ ಸಂತನೊಬ್ಬ ಕ್ಯಾಸೆಟ್ಟಿನ ಕಾಲದ ಜನಪ್ರಿಯ ಗಾಯಕರ ಪಕ್ಕ ಸರಿಸಮ ನಿಂತ ದಶಕ ಎಂಬತ್ತು. ಬೇರೆ ಯಾವ ದಶಕಕ್ಕೆ ಈ ಎದೆಯಗಲ ಇತ್ತು?

ಹಾಗಾಗಿ ಒಂದನ್ನೇ ಆರಿಸು ಎಂದು ಒತ್ತಾಯಿಸಿದರೆ ನನ್ನ ಮತ ಎಂಬತ್ತಕ್ಕೆ. ಹಿರಿಯರು ಇನ್ನೂ ಮಾಗುತ್ತಿದ್ದರು, ಹೊಸಬರು ಬಾಗಿಲು ಒದ್ದು ಬಂದಿದ್ದರು, ಕವಿಗಳು ದನಿ ಪಡೆದರು, ಸಂತರು ಮರಳಿ ಬಂದರು, ಹಿಂದಿನ ದಶಕದ ಕಾಳು ಹಸನಾಯಿತು. ಆಯ್ಕೆಯ ಗುಂಡಿ ಮೊದಲ ಬಾರಿಗೆ ಕೇಳುವವರ ಬೆರಳಿಗೆ ಸಿಕ್ಕಿತು. ಇದು ನನ್ನ ಹರೆಯದ ಮೋಹ ಎನ್ನಬಹುದು. ಹರೆಯದಲ್ಲಿ ಕೇಳಿದ್ದು ಎಲ್ಲರಿಗೂ ಸಿಹಿ, ನಿಜ. ಆದರೆ ಮೇಲೆ ಹೇಳಿದ ಇಸವಿಗಳು ನನ್ನ ಹರೆಯವನ್ನು ಕೇಳಿಕೊಂಡು ಬಂದವಲ್ಲ.

ಮನೆಯ ಹುಡುಗರ ದಶಕ ಬೇರೆ. 2006ರ ಕೊನೆಗೆ ಬಂದ ‘ಮುಂಗಾರು ಮಳೆ’ ಅವರಿಗೆ ಆರಂಭ. ಅದರ ಮಳೆಯಲ್ಲಿ ಸಕಲೇಶಪುರದ ಮಳೆಯೂ ಇದೆಯೆಂಬ ಹೆಮ್ಮೆ ಬೇರೆ. ಮನೋಮೂರ್ತಿ, ಜಯಂತ ಕಾಯ್ಕಿಣಿ ಅವರ ಜೋಡಿಯನ್ನು ನಾನೂ ಮೆಚ್ಚುತ್ತೇನೆ. ಅವರ ಕಾಲದ ಜೊಳ್ಳು ಹಾರಲು ಇನ್ನೂ ಗಾಳಿ ಬೀಸಬೇಕು, ಈಗಲೇ ತೀರ್ಪು ಕೊಡುವ ಅವಸರ ನನಗಿಲ್ಲ.

ಈ ಸಲದ ಕೊಯ್ಲಿನಲ್ಲಿ ದೊಡ್ಡಪ್ಪನ ಕ್ಯಾಸೆಟ್ಟಿನ ಲೇಬಲ್ ಮೇಲೆ ಪ್ರತಿ ಹಾಡಿನ ಮುಂದೆ ಸಣ್ಣಗೆ ಇಸವಿ ಬರೆದು, ಸಂಗೀತ ನಿರ್ದೇಶಕರ ಹೆಸರು ಸೇರಿಸಿ ಅವರ ಕೈಗಿಟ್ಟೆ. ಕನ್ನಡಕ ಏರಿಸಿ ಬೆಂಕಿ ಬೆಳಕಿಗೆ ಹಿಡಿದು ಓದಿದರು. ‘ಚಲಿಸುವ ಮೋಡಗಳು’ ಹತ್ತಿರ ಬೆರಳು ನಿಂತಿತು.

‘ಎಂಬತ್ತೆರಡಾ ಇದು?’

‘ಹೌದು ದೊಡ್ಡಪ್ಪ.’

‘ರಾಜನ್-ನಾಗೇಂದ್ರ ಅವಾಗ್ಲೂ ಮಾಡ್ತಿದ್ರಲ್ಲ ಹಂಗಾರೆ.’ ಸ್ವಲ್ಪ ಹೊತ್ತು ಲೇಬಲ್ ನೋಡುತ್ತಲೇ ಇದ್ದರು. ಆಮೇಲೆ, ‘ಅವರದ್ದು ಆ ಕಡೆಯದು ಇನ್ನೂ ಯಾವ್ಯಾವುದಿದೆ, ಒಂದು ಪಟ್ಟಿ ಮಾಡು’ ಎಂದರು.